ಹಿಂದೆ ಏನೂ ಇಲ್ಲದ ಹಾಗೆ

ಮುದುಕಿಯನ್ನು ಅರ್ಧಕ್ಕೆ ಕತ್ತರಿಸುವುದು ಎಂದು ಭಾವ ಹೇಳಿದ್ದು ಭಾನುವಾರದ ಊಟದಲ್ಲಿ, ಎರಡನೇ ಸಲ ಬಡಿಸಿಕೊಳ್ಳುತ್ತ.

"ಸೊಂಟದ ತನಕ ಸಾಕು," ಎಂದ. "ಹಿಂದಿನ ಅರ್ಧ ಗುಜರಿಗೆ. ಮುಂದಿನ ಅರ್ಧ ನನ್ನ ಹೊಸ ಅಂಗಡಿಗೆ. ಬೋರ್ಡಿನ ಮೇಲೆ, ಗೋಡೆ ಒಡೆದುಕೊಂಡು ಹೊರಗೆ ಬಂದ ಹಾಗೆ ಕೂರಿಸ್ತಾರೆ. ಸಂಜೆ ಆದರೆ ಎರಡು ಕಣ್ಣೂ ಉರೀತಾ ಇರತ್ತೆ."

"ಚೆನ್ನಾಗಿರತ್ತೆ ಅಲ್ವಾ," ಎಂದಳು ಅಕ್ಕ, ಯಾರ ಮುಖವನ್ನೂ ನೋಡದೆ.

ಮುದುಕಿ ಎಂದರೆ ಅಪ್ಪನ ಕಾರು. ಕೆನೆ ಬಣ್ಣ, ದುಂಡು ದೀಪ, ಮುಂದೆ ಹಲ್ಲು ಕಿರಿದಂತೆ ಕಾಣುವ ಕಂಬಿಗಳು. ಅಪ್ಪ ಹೋದ ಮೇಲೆ ಅದು ಅಕ್ಕನ ಪಾಲಿಗೆ ಬಂತು, ಅಂದರೆ ಭಾವನ ಪಾಲಿಗೆ ಬಂತು. ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಅಪ್ಪನ ಟೋಯಿಂಗ್ ಕೆಲಸ ಮಾತ್ರ ಅಕ್ಕತಂಗಿಯರಿಬ್ಬರಿಗೂ ಸೇರಿ ಬಂತು. ಅಂದರೆ ಭಾವ ಮೇಜಿನ ಹಿಂದೆ ಕೂತ, ತಂಗಿ ಲಾರಿ ಓಡಿಸಿದಳು. ಈ ತಂಗಿಗೆ ಹುಟ್ಟಿದಾಗ ಇಟ್ಟ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಅಪ್ಪನ ಲಾರಿಯ ಕೊಕ್ಕೆಗೆ ಜೋತುಬಿದ್ದುಕೊಂಡೇ ಬೆಳೆದವಳೆಂದು ಮನೆಯವರಿಗೂ ಊರಿನವರಿಗೂ ಅವಳು ಕೊಕ್ಕೆ.

ಊಟ ಮುಗಿಸಿ ಕೊಕ್ಕೆ ಕೈ ತೊಳೆದು ಅಂಗಳಕ್ಕೆ ಇಳಿದಳು. ಕಾರು ಗೋಡೆಗೆ ಬೆನ್ನು ಕೊಟ್ಟು, ಗೇಟಿಗೆ ಮುಖ ಮಾಡಿ, ಬೆಳ್ಳಿ ಬಣ್ಣದ ಹೊದಿಕೆಯೊಳಗೆ ಮುಸುಕು ಹಾಕಿಕೊಂಡು ನಿಂತಿತ್ತು. ಅದು ಉರುಳದಿರಲೆಂದು ಭಾವ ಹಿಂದಿನ ಗಾಲಿಗಳಿಗೆ ಇಟ್ಟಿಗೆ ಅಡ್ಡ ಕೊಟ್ಟಿದ್ದ. ಸ್ಟೀರಿಂಗಿನ ಪಕ್ಕ, ಡ್ಯಾಶ್‌ಬೋರ್ಡಿನ ಕೆಳಗೆ, ಕೊಡೆಯ ಹಿಡಿಯಂತೆ ಬಾಗಿಕೊಂಡಿರುವುದೇ ಕೈಬ್ರೇಕು ಎಂಬುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಒಮ್ಮೆ ಅದಕ್ಕೆ ಅವನು ನಿಜವಾಗಿ ಕೊಡೆಯನ್ನೇ ನೇತುಹಾಕಿದ್ದ. ಅಪ್ಪನ ಕಾಲದಲ್ಲಿ ಆ ಹಿಡಿ ಕೊಕ್ಕೆಯ ರಾಜ್ಯ. ಹೊರಡುವಾಗ ಅವಳು ಅದನ್ನು ಒಳಗೆ ತಳ್ಳದೆ ಅಪ್ಪ ಎಂಜಿನ್ ಎಬ್ಬಿಸುತ್ತಿರಲಿಲ್ಲ. ನಿಂತ ಮೇಲೆ ಅವಳು ಎಳೆಯದೆ ಬಾಗಿಲು ತೆಗೆಯುತ್ತಿರಲಿಲ್ಲ.

ಅಪ್ಪನ ಎರಡನೇ ಕೀಲಿಕೈ ಅವಳ ಕತ್ತಿನ ದಾರದಲ್ಲಿತ್ತು. ಹೊದಿಕೆ ಸರಿಸಿ, ಬಾಗಿಲು ತೆಗೆದು, ಒಳಗೆ ಕೂತಳು. ಹಳೇ ಚರ್ಮದ ಸೀಟಿನ ವಾಸನೆ, ಬಿಸಿಲಿಗೆ ಕಾದ ಧೂಳಿನ ವಾಸನೆ. ಸ್ವಲ್ಪ ಅತ್ತಳು. ಅಳು ಮುಗಿದ ಮೇಲೂ ಎದ್ದು ಹೋಗಲು ಮನಸ್ಸು ಬರದೆ ಸುಮ್ಮನೆ ಕೂತಿದ್ದಾಗ, ಗಾಜಿನ ಮೇಲೆ ಕೂತ ನೊಣದಷ್ಟು ಚಿಕ್ಕದೊಂದು ಯೋಚನೆ ಬಂತು. ನೋಡನೋಡುತ್ತಿದ್ದಂತೆ ಅದಕ್ಕೆ ರೆಕ್ಕೆ ಮೂಡಿತು, ಕಾಲು ಮೂಡಿತು, ಬಾಲವೂ ಬಂತು. ಗಾಜು ಏರಿಸಿ, ಕನ್ನಡಿ ಒರೆಸಿ, ಹಿಡಿ ಎಳೆದು, ಬಾಗಿಲಿಗೆ ಬೀಗ ಹಾಕಿ, ಹೊದಿಕೆಯನ್ನು ಮೊದಲಿನಂತೆ ಕೆಳಗಿನ ತನಕ ಇಳಿಬಿಟ್ಟು ಅವಳು ಗೇಟು ದಾಟುವ ಹೊತ್ತಿಗೆ ಆ ಯೋಚನೆ ಕುದುರೆಯಷ್ಟು ಎತ್ತರ ಬೆಳೆದಿತ್ತು.

ಕದಿಯುವುದು. ಹಾಡಹಗಲೇ, ಎಲ್ಲರ ಕಣ್ಣೆದುರಿಗೇ, ಲಾರಿಗೆ ಸಿಕ್ಕಿಸಿಕೊಂಡು ಎಳೆದುಕೊಂಡು ಹೋಗುವುದು.

ಅಜ್ಜಿ ಹೇಳುತ್ತಿದ್ದ ಕತೆಯೊಂದಿತ್ತು. ರಾಜನ ಅರಮನೆಯ ದೊಡ್ಡ ಗಂಟೆಯನ್ನು ಕದ್ದ ಕಳ್ಳನದು. ಬಚ್ಚಿಟ್ಟುಕೊಂಡು ಓಡುವಷ್ಟು ಚಿಕ್ಕ ಗಂಟೆಯಲ್ಲ ಅದು. ಕಳ್ಳ ಅದನ್ನು ಗಾಡಿಗೆ ಕಟ್ಟಿ, ಢಣಢಣ ಬಾರಿಸುತ್ತ ರಾಜಬೀದಿಯಲ್ಲೇ ಹೊರಟನಂತೆ. ಜನ ದಾರಿ ಬಿಟ್ಟರಂತೆ, ಕಾವಲುಗಾರರು ಕೋಟೆ ಬಾಗಿಲು ತೆಗೆದರಂತೆ. ಅಲ್ಲಿಗೆ ಅಜ್ಜಿಗೆ ಗೊರಕೆ ಹತ್ತುತ್ತಿತ್ತು. ಅಜ್ಜಿ ಎಷ್ಟು ಸಲ ಹೇಳಿದರೂ ಕೋಟೆ ಬಾಗಿಲಿನಿಂದ ಆಚೆ ಕತೆ ಹೋಗಿದ್ದೇ ಇಲ್ಲ. ಹಾಗಾಗಿ ಕೊಕ್ಕೆಯ ಪಾಲಿಗೆ ಆ ಕಳ್ಳ ಇವತ್ತಿಗೂ ಗಂಟೆ ಬಾರಿಸಿಕೊಂಡು ಹಾಯಾಗಿ ಹೋಗುತ್ತಲೇ ಇದ್ದಾನೆ.

ಟೋಯಿಂಗ್ ಲಾರಿಯೂ ಹಾಗೆಯೇ ಎಂಬುದು ಕಸುಬಿನವಳಾಗಿ ಅವಳಿಗೆ ಗೊತ್ತು. ಒಬ್ಬ ಮನುಷ್ಯ ಬೇರೆಯವರ ಕಾರಿನ ಬಾಗಿಲು ಅಲ್ಲಾಡಿಸಿದರೆ ಬೀದಿಯೆಲ್ಲ ತಿರುಗಿ ನೋಡುತ್ತದೆ. ಅದೇ ಮನುಷ್ಯ ಹಳದಿ ದೀಪ ತಿರುಗಿಸಿಕೊಂಡು ಕಾರನ್ನೇ ಎತ್ತಿಕೊಂಡು ಹೋದರೆ ಜನ ತಮ್ಮ ಸ್ಕೂಟರ್ ಸರಿಸಿ ಜಾಗ ಮಾಡಿಕೊಡುತ್ತಾರೆ. ಇಷ್ಟು ವರ್ಷಗಳಲ್ಲಿ ಎಷ್ಟು ಗಾಡಿ ಎಳೆದಿದ್ದಾಳೆ, ಇದು ಯಾರದ್ದು, ಯಾಕೆ ಒಯ್ಯುತ್ತೀಯ ಎಂದು ದಾರಿಹೋಕರು ಯಾರೂ ಕೇಳಿದ್ದಿಲ್ಲ. ಕೆಲಸದ ಬಟ್ಟೆ ತೊಟ್ಟವರ ಮುಖವನ್ನು ಯಾರೂ ನೋಡುವುದಿಲ್ಲ.

ಇನ್ನು ಅನುಮಾನದ ಮಾತು. ಕಾರು ಕಾಣೆಯಾದರೆ ಭಾವನ ಬೆರಳು ಮೊದಲು ತಿರುಗುವುದು ಅವಳ ಕಡೆಗೇ. ಆದರೆ ಕಾರು ಎಳೆಯಲು ಲಾರಿ ಬೇಕಲ್ಲ. ಅವರ ಹಳೇ ಲಾರಿ ಎಂಜಿನ್ ಬಾಯಿ ಬಿಟ್ಟು ಮರದ ದಿಮ್ಮಿಗಳ ಮೇಲೆ ಮಲಗಿತ್ತು. ಹೊಸದು ಇನ್ನೂ ಬಂದಿರಲಿಲ್ಲ. ಆ ವಿಷಯದಲ್ಲಿ ಭಾವನ ಅಪ್ಪಣೆ ಆಗಲೇ ಆಗಿತ್ತು.

"ನೀನೇ ಹೋಗಿ ಆರಿಸು," ಎಂದಿದ್ದ. "ಟೂ ವೀಲೋ ಫೋರ್ ವೀಲೋ, ನನಗೆ ತಲೆ ತಿನ್ನಬೇಡ. ನನ್ನ ಕೇಳಿದರೆ ಎರಡು ಸಾಕು. ಊರು ತುಂಬ ಟಾರ್ ರೋಡು, ನಾಲ್ಕು ಯಾತಕ್ಕೆ. ಆದರೆ ಮುಂದಿನ ಸೋಮವಾರ ಬೆಳಗ್ಗೆ ಲಾರಿ ಬಂದಿರಬೇಕು. ಕತ್ತರಿಸೋನು ಬರ್ತಾನೆ. ಮುದುಕೀನ ಅಂಗಡಿ ತನಕ ನೀನೇ ಎಳೆದುಕೊಂಡು ಬಾ."

ನೀನೇ ಎಳೆದುಕೊಂಡು ಬಾ. ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತ್ತು. ಈಗ ಅದೇ ಮಾತು ಕಚಗುಳಿ ಇಡತೊಡಗಿತು. ಎಳೆದುಕೊಂಡು ಬರುತ್ತೇನೆ ಭಾವ, ಒಂದು ದಿನ ಮುಂಚೆ, ಬೇರೆ ದಿಕ್ಕಿಗೆ. ಷೋರೂಮಿನವರು ಕೊಳ್ಳುವವರಿಗೆ ಒಂದು ದಿನದ ಮಟ್ಟಿಗೆ ಲಾರಿ ಓಡಿಸಿ ನೋಡಲು ಕೊಡುತ್ತಾರೆ. ಬಿಳಿ ಲಾರಿ, ಮೇಲೆ ಯಾರ ಹೆಸರೂ ಇರುವುದಿಲ್ಲ. ಭಾನುವಾರ ತರುವುದು, ಸಂಜೆಗೆ ವಾಪಸು ಬಿಡುವುದು, ಸೋಮವಾರ ಬೆಳಗ್ಗೆ ಅದನ್ನೇ ಹೊಚ್ಚ ಹೊಸದಾಗಿ ಭಾವನ ಮನೆ ಬಾಗಿಲಿಗೆ ತಂದು ನಿಲ್ಲಿಸಿ, ಅಯ್ಯೋ ಕಾರೆಲ್ಲಿ ಹೋಯ್ತು ಎಂದು ಎಲ್ಲರಿಗಿಂತ ಜೋರಾಗಿ ಕೇಳುವುದು. ಹುಡುಕಲು ಹೋಗೋಣ ಬನ್ನಿ ಎಂದು ಭಾವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತುವುದು. ಇದನ್ನು ಯೋಚಿಸುತ್ತ ಅವಳಿಗೆ ಬೀದಿಯಲ್ಲೇ ನಗು ಬಂದು, ಎದುರಿಗೆ ಬಂದವರು ಯಾರೋ ಪರಿಚಯದವಳೆಂದು ತಿಳಿದು ವಾಪಸು ನಕ್ಕು ಹೋದರು.

ಹೀಗಾಗಿ ಆ ವಾರ ಅವಳ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಎಂಜಿನ್ ತಿರುಗಿಸುವ ಗಾಲಿ ಎರಡೋ, ನಾಲ್ಕೋ.

ಎರಡರ ಪರವಾಗಿ ಹೇಳುವುದು ಬೇಕಾದಷ್ಟಿತ್ತು. ಎಳೆಯುವ ಗಾಡಿಯ ಭಾರವೆಲ್ಲ ಲಾರಿಯ ಹಿಂಭಾಗಕ್ಕೆ ಬೀಳುತ್ತದೆ, ದುಡಿಯುವ ಗಾಲಿಗಳೂ ಅಲ್ಲೇ ಇರುತ್ತವೆ. ಭಾರ ಹೆಚ್ಚಿದಷ್ಟೂ ನೆಲಕ್ಕೆ ಕಚ್ಚಿಕೊಂಡು ಎಳೆಯುತ್ತವೆ. ಮುಂದಿನ ಎರಡು ಗಾಲಿಗಳು ಏನೂ ಮಾಡದೆ ಜೊತೆಗೆ ಉರುಳುತ್ತ ದಾರಿ ತೋರಿಸುತ್ತವೆ, ಥೇಟು ಅವರ ಕಂಪನಿಯ ಹಾಗೆ. ಎರಡರ ಲಾರಿ ಹಗುರ, ಇಕ್ಕಟ್ಟಿನ ಬೀದಿಯಲ್ಲಿ ಬೇಗ ತಿರುಗುತ್ತದೆ, ಕೆಡುವ ಭಾಗಗಳು ಕಡಿಮೆ, ಊರಲ್ಲಿ ಎಲ್ಲರ ಬಳಿ ಇರುವುದೂ ಅದೇ. ಕಳ್ಳತನಕ್ಕೆ ಇದಕ್ಕಿಂತ ಬೇಕೇ.

ನಾಲ್ಕರ ಪರವಾಗಿ ಇದ್ದದ್ದು ಒಂದೇ, ಇಟ್ಟಿಗೆ ಗೂಡು. ಊರಾಚೆ ಸೇತುವೆ ದಾಟಿದರೆ, ಕೆಲಸ ನಿಂತು ಎಷ್ಟೋ ಕಾಲವಾದ ಒಂದು ಇಟ್ಟಿಗೆ ಸುಡುವ ಜಾಗವಿತ್ತು. ಮಣ್ಣು ತೆಗೆದು ತೆಗೆದು ತಗ್ಗಾದ ನೆಲ, ಅದರ ತಳದಲ್ಲಿ ತಗಡಿನ ದೊಡ್ಡ ಶೆಡ್ಡು. ಅದಕ್ಕಿಳಿಯುವ ದಾರಿ ಜೇಡಿಮಣ್ಣಿನದು, ಬುಡದಲ್ಲಿ ನೀರು ಒಸರುತ್ತಲೇ ಇರುವುದರಿಂದ ಬೇಸಿಗೆಯಲ್ಲೂ ಅಲ್ಲಿ ಕೆಸರು. ಇಳಿದ ಗಾಡಿ ಹತ್ತುವುದಿಲ್ಲ ಎಂದು ಹೆಸರಾದ ಜಾಗ. ಅವಳೇ ಅಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರನ್ನು ಒಮ್ಮೆ ಹಗ್ಗ ಕಟ್ಟಿ ಎಳೆದದ್ದಿದೆ. ಭಾವನ ಕಲ್ಪನೆ ಟಾರ್ ಮುಗಿದಲ್ಲಿ ಮುಗಿಯುತ್ತದೆ. ಊರಿನ ಟೋಯಿಂಗ್‌ನವರೆಲ್ಲರ ಕಲ್ಪನೆಯೂ ಅಲ್ಲೇ ಮುಗಿಯುತ್ತದೆ, ಯಾಕೆಂದರೆ ಎಲ್ಲರದ್ದೂ ಎರಡರ ಲಾರಿ. ಆ ಶೆಡ್ಡಿನಲ್ಲಿ ಮುದುಕಿ ರಾಜಕುಮಾರಿಯಂತೆ ಮಲಗಿರಬಹುದು. ಭಾವನಿಗೆ ಅಂಗಡಿಯ ಹುಚ್ಚು ಬಿಡುವ ತನಕ ಮಲಗಿದ್ದು, ಆಮೇಲೆ ಯಾವುದಾದರೂ ಬೆಳಗ್ಗೆ ಎದ್ದು, ಕೊಕ್ಕೆಯನ್ನು ಕೂರಿಸಿಕೊಂಡು ಏರಿಯ ಮೇಲಿನ ರಸ್ತೆಯಲ್ಲಿ ಹೋಗಿಬಿಡಬಹುದು.

ಬುಧವಾರ ಎರಡರ ಲಾರಿಯನ್ನು ಓಡಿಸಿ ನೋಡಿದಳು. ಷೋರೂಮಿನಲ್ಲಿ ಅವಳ ಜೊತೆ ಬಂದವನು ಎರಡು ಮಾತಿಗೊಮ್ಮೆ ಕತ್ತಿನ ಟೈ ಮುಟ್ಟಿ ನೋಡಿಕೊಳ್ಳುತ್ತಿದ್ದ. ಮನಸ್ಸಿನಲ್ಲೇ ಅವನಿಗೆ ಟೈ ಎಂದು ಹೆಸರಿಟ್ಟಳು. ಒಂದು ಹಳೇ ವ್ಯಾನನ್ನು ಸಿಕ್ಕಿಸಿಕೊಂಡು ಊರ ಹೊರಗೆ ಸುತ್ತು ಹಾಕಿದರು. ಲಾರಿ ಒಳ್ಳೆಯದೇ, ಆದರೆ ಬಾಯಿಬಡಕ. ವ್ಯಾನಿನ ಟಯರಿಗೆ ಕಲ್ಲು ಸಿಕ್ಕರೂ ಹೇಳುತ್ತಿತ್ತು, ಏರು ಬಂದರೆ ನಿಟ್ಟುಸಿರು, ಇಳಿಜಾರಾದರೆ ಗೊಣಗಾಟ. ಹಿಂದೆ ಏನು ನಡೆದರೂ ಸ್ಟೀರಿಂಗ್ ತನಕ ಬಂದು ಚಾಡಿ ಹೇಳುವ ಜಾತಿ. ಮಣ್ಣಿನ ದಿಬ್ಬ ಸಿಕ್ಕಾಗ ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿ, ಟೈಯ ಬಿಳಿ ಅಂಗಿಯ ಮೇಲೆಲ್ಲ ಚುಕ್ಕಿ ಹಾಕಿದವು.

"ಇದು ತುಂಬ ಮಾತಾಡತ್ತೆ," ಎಂದಳು ಕೊಕ್ಕೆ.

"ಹಾಗಾದರೆ ಫೋರ್ ವೀಲ್ ನೋಡಿ ಮೇಡಂ," ಎಂದ ಟೈ, ಅಂಗಿ ಒರೆಸಿಕೊಳ್ಳುತ್ತ. "ದೊಡ್ಡ ಎಂಜಿನ್ನು. ಕ್ಯಾಬಿನ್ ಒಳಗೆ ಕೂತರೆ ಹೊರಗಿನ ಸದ್ದೇ ಕೇಳಲ್ಲ. ಹಿಂದೆ ಏನೂ ಇಲ್ಲದ ಹಾಗೆ ಎಳೆಯತ್ತೆ."

ಹಿಂದೆ ಏನೂ ಇಲ್ಲದ ಹಾಗೆ. ಪ್ರೇಮಪತ್ರದ ಸಾಲಿನಂತೆ ಅವಳು ಅದನ್ನು ಮನಸ್ಸಿನಲ್ಲಿ ಮಡಿಸಿಟ್ಟುಕೊಂಡಳು.

ಭಾನುವಾರ ಬೆಳಗ್ಗೆ ಟೈ ಅವಳ ಕೈಗೆ ನಾಲ್ಕರ ಲಾರಿಯ ಕೀಲಿ ಕೊಟ್ಟ. ಎಲ್ಲ ಗುಂಡಿಗಳನ್ನೂ ತೋರಿಸಿ, ಗೇರಿನ ಪಕ್ಕದ ಗಿಡ್ಡ ಸನ್ನೆಕೋಲಿನ ಮೇಲೆ ಕೈಯಿಟ್ಟು ಹೇಳಿದ, "ಮಾಮೂಲಿಗೆ ಎರಡೇ ಗಾಲಿಯಲ್ಲಿ ಓಡತ್ತೆ. ಇದನ್ನು ಹಿಂದಕ್ಕೆ ಎಳೆದರೆ ನಾಲ್ಕೂ ಎಳೆಯೋಕೆ ಶುರು ಮಾಡ್ತವೆ. ಮರಳು ಕೆಸರಿಗೆ ಮಾತ್ರ ಹಾಕಿ ಮೇಡಂ. ಟಾರಿನ ಮೇಲೆ ಹಾಕಿದರೆ ತಿರುವಿನಲ್ಲಿ ಬಿಗಿಯಾಗತ್ತೆ, ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಹೆದರಬೇಡಿ, ಅದರ ಸ್ವಭಾವ ಅದು. ಮತ್ತೆ, ಹೊಸ ಗಾಡಿ ನೋಡಿ, ಮೊದಲ ದಿನ ಸ್ವಲ್ಪ ರಬ್ಬರ್ ವಾಸನೆ ಬರಬಹುದು."

"ಬರಲಿ," ಎಂದಳು ಕೊಕ್ಕೆ. ಅವತ್ತು ಅವಳಿಗೆ ಎಲ್ಲವೂ ಬರಲಿ ಅನ್ನಿಸುತ್ತಿತ್ತು.

ಭಾವನ ಅಣ್ಣನ ಮನೆಯಲ್ಲಿ ಮಧ್ಯಾಹ್ನದ ಊಟ. ಅಕ್ಕ ಭಾವ ಇಬ್ಬರೂ ಹೊರಟಿದ್ದರು. ಅವಳನ್ನೂ ಕರೆದಿದ್ದರು. ತಲೆ ಸಿಡಿಯುತ್ತಿದೆ, ಮಲಗಿರುತ್ತೇನೆ ಎಂದು ಅಕ್ಕನಿಗೆ ಫೋನು ಮಾಡಿ, ನರಳುವ ದನಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಚೆನ್ನಾಗಿ ತೆಗೆದಳು. ಆಮೇಲೆ ಟೋಪಿ, ಕಪ್ಪು ಕನ್ನಡಕ, ಧೂಳಿಗೆ ಮುಖಕ್ಕೆ ಕಟ್ಟುವ ಬಟ್ಟೆ, ಕಿತ್ತಳೆ ಬಣ್ಣದ ಕೋಟು. ಕನ್ನಡಿಯಲ್ಲಿ ನೋಡಿಕೊಂಡರೆ ಅವಳಿಗೇ ತಾನು ಯಾರೋ ಬೇರೆಯವಳು ಅನ್ನಿಸಿ, ಆ ಬೇರೆಯವಳಿಗೆ ಒಂದು ಸಲಾಮು ಹೊಡೆದಳು.

ಭಾವನ ಗೇಟಿಗೆ ಚಿಲಕವಷ್ಟೇ ಹಾಕಿತ್ತು. ಲಾರಿಯನ್ನು ಹಿಮ್ಮುಖವಾಗಿ ಒಳಗೆ ತಂದು, ಅದರ ಕಬ್ಬಿಣದ ತೋಳನ್ನು ಕಾರಿನ ಮುಂದಿನ ಗಾಲಿಗಳ ಕೆಳಗೆ ಚಾಚಿದಳು. ಮುದುಕಿಯ ಬೆನ್ನು ಗೋಡೆಗೆ ಅಂಟಿಕೊಂಡಿದ್ದರಿಂದ ಹಿಂದಿನಿಂದ ಎತ್ತುವಂತಿರಲಿಲ್ಲ. ಮುಂದಿನ ಗಾಲಿಗಳು ಮೇಲೆ, ಹಿಂದಿನವು ನೆಲದ ಮೇಲೆ ಉರುಳಿಕೊಂಡು ಬರಬೇಕು. ಹೀಗೆ ಎಳೆಯುವಾಗ ಗೇರು ನ್ಯೂಟ್ರಲ್ಲಿನಲ್ಲಿರಬೇಕು ಎಂಬುದು ಕಸುಬಿನ ಮೊದಲ ಪಾಠ. ಹೊದಿಕೆ ಸರಿಸಿ, ಬಾಗಿಲು ತೆಗೆದು, ಗೇರು ಜಾರಿಸಿ, ಎರಡೂ ಕಡೆಗೆ ಅಲ್ಲಾಡಿಸಿ ನೋಡಿ ಖಾತ್ರಿ ಮಾಡಿಕೊಂಡಳು. ಅಷ್ಟರಲ್ಲಿ ಮೇಲಿನಿಂದ ಯಾರೋ ಕೆಮ್ಮಿದರು.

ಎದುರು ಮನೆಯ ಬಾಲ್ಕನಿಯಲ್ಲಿ ರಿಟೈರಾದ ಮೇಷ್ಟ್ರು ನಿಂತಿದ್ದರು. ಭಾನುವಾರಗಳಂದು ಒಳ್ಳೆಯ ಬಟ್ಟೆಯಲ್ಲಿ ಬರುವ ಕೊಕ್ಕೆಯನ್ನು ಅವರು ಎಷ್ಟೋ ಸಲ ಮಾತಾಡಿಸಿದ್ದರು.

"ಏನಪ್ಪಾ, ಸರ್ವೀಸಿಗಾ?" ಎಂದು ಕೇಳಿದರು.

ಅಪ್ಪಾ. ಗಂಡಸೆಂದೇ ತಿಳಿದಿದ್ದಾರೆ ಎಂದು ಕೊಕ್ಕೆಗೆ ಖುಷಿಯಾಯಿತು. ಕಾರಿನಿಂದ ಇಳಿದು ತಲೆಯಾಡಿಸಿದಳು.

"ನನ್ನ ಸ್ಕೂಟರ್ ಅಡ್ಡ ಇದೆಯೇನೋ. ತಡಿ, ಬಂದೆ," ಎಂದು ಮೇಷ್ಟ್ರು ಚಪ್ಪಲಿ ಹುಡುಕಿಕೊಂಡು ಇಳಿದು ಬಂದು, ಸ್ಕೂಟರನ್ನು ತಳ್ಳಿ, ಜಾಗ ಮಾಡಿಕೊಟ್ಟು, ಮತ್ತೆ ಮೇಲೆ ಹೋದರು. ಕೋಟೆ ಬಾಗಿಲು ತೆಗೆದ ಕಾವಲುಗಾರರು ನೆನಪಾಗಿ ಅವಳು ಮುಖದ ಬಟ್ಟೆಯೊಳಗೇ ನಕ್ಕಳು.

ಇನ್ನು ಉಳಿದದ್ದು ಭಾವನ ಇಟ್ಟಿಗೆಗಳು. ಒಂದೊಂದಾಗಿ ತೆಗೆದು ಗಿಡಗಳ ಬುಡಕ್ಕೆ ಎಸೆದಳು. ಇದೇ ನಿಮ್ಮ ಬ್ರೇಕು ಅಲ್ವಾ ಭಾವ. ಊರಿನವರೆಲ್ಲ ನೋಡಿದ ಕೂಡಲೇ ಗುರುತು ಹಿಡಿಯುವ ಕಾರಾದ್ದರಿಂದ ಹೊದಿಕೆಯನ್ನು ತೆಗೆಯಲಿಲ್ಲ. ಮುಂದಿನ ಗಾಲಿಗಳ ಜಾಗದಲ್ಲಿ ಮಾತ್ರ ಮೇಲೆತ್ತಿ ಕಟ್ಟಿ, ಉಳಿದಂತೆ ಅದರ ಅಂಚು ನೆಲ ಸವರುವಂತೆ ಬಿಟ್ಟು, ಗಾಳಿಗೆ ಹಾರದಿರಲೆಂದು ಸುತ್ತ ಹಗ್ಗ ಬಿಗಿದಳು. ತೋಳು ಮೇಲೆದ್ದಿತು. ಮುದುಕಿ ಮೂಗು ಮೇಲೆ ಮಾಡಿಕೊಂಡು, ಯಾರನ್ನೂ ಲೆಕ್ಕಕ್ಕಿಡದ ಹೆಂಗಸಿನಂತೆ ಹೊರಡಲು ಸಿದ್ಧವಾಯಿತು.

ಅಂಗಳದಲ್ಲಿ ಭಾವ ಚೆಂದಕ್ಕೆಂದು ದಪ್ಪನೆಯ ಮರಳು ಹರಡಿಸಿದ್ದ. ಲಾರಿ ಒಂದು ಕ್ಷಣ ಮುಗ್ಗರಿಸಿದಂತಾಯಿತು. ಮರಳು ಅಂದರೆ ನಾಲ್ಕು, ಟೈ ಹೇಳಿಯೇ ಇದ್ದನಲ್ಲ. ಗಿಡ್ಡ ಸನ್ನೆಕೋಲನ್ನು ಹಿಂದಕ್ಕೆಳೆದಳು. ನಾಲ್ಕೂ ಗಾಲಿಗಳು ಒಟ್ಟಿಗೆ ಉಸಿರೆಳೆದುಕೊಂಡವು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುದುಕಿ ಅಂಗಳದಿಂದ ಹೊರಗೆ ಬಂತು.

ಬೀದಿಗೆ ಬಂದ ಮೇಲೆ ಸನ್ನೆಕೋಲನ್ನು ಮುಂದಕ್ಕೆ ತಳ್ಳಿ ಎರಡಕ್ಕೆ ಇಳಿಸಬೇಕಿತ್ತು. ಕೈ ಹೋಗಿತ್ತು ಕೂಡ. ಆದರೆ ಆ ಬಲದ ರುಚಿ ಹತ್ತಿಬಿಟ್ಟಿತ್ತು. ಇರಲಿ, ಇವತ್ತೊಂದು ದಿನ ಎಂದುಕೊಂಡಳು. ಬೀದಿಯ ತುದಿಯ ತಿರುವಿನಲ್ಲಿ ಲಾರಿ ಸ್ವಲ್ಪ ಬಿಗಿಯಿತು, ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಟೈ ಎಷ್ಟು ಸರಿಯಾಗಿ ಹೇಳಿದ್ದ ಎಂದು ಅವಳಿಗೆ ಮೆಚ್ಚುಗೆಯಾಯಿತು. ತನ್ನ ಮಾಲಿನ ಗುಣವನ್ನೂ ದೋಷವನ್ನೂ ಒಂದೇ ಬಾಯಲ್ಲಿ ಹೇಳುವ ಮಾರಾಟದವರು ಎಲ್ಲಿ ಸಿಗುತ್ತಾರೆ.

ಕನ್ನಡಿಯಲ್ಲಿ ಮೇಷ್ಟ್ರು ಕಾಣಿಸಿದರು. ಬಾಲ್ಕನಿಯಿಂದ ಅರ್ಧ ಹೊರಗೆ ಬಾಗಿ, ಎರಡೂ ಕೈ ಎತ್ತಿ ಬೀಸುತ್ತಿದ್ದರು. ಪಾಪದ ಮನುಷ್ಯ, ಎಷ್ಟು ಪ್ರೀತಿ. ಕಿಟಕಿಯ ಗಾಜಿನೊಳಗಿಂದಲೇ ಕೊಕ್ಕೆಯೂ ಕೈ ಬೀಸಿದಳು.

ಪೇಟೆ ಬೀದಿಯಲ್ಲಿ ಭಾನುವಾರದ ಜನ. ಹಳದಿ ದೀಪ ತಿರುಗುತ್ತಿತ್ತು. ಕ್ಯಾಬಿನ್ನಿನೊಳಗೆ ನಿಜವಾಗಿಯೂ ಹೊರಗಿನ ಸದ್ದು ಒಂದಿಷ್ಟೂ ಇಲ್ಲ, ಹೊಸ ರಬ್ಬರಿನ ವಾಸನೆ ಘಮ್ಮೆಂದು ತುಂಬಿತ್ತು. ಅಪ್ಪ ಕಾರಿನಲ್ಲಿ ಹೇಳುತ್ತಿದ್ದ ಹಾಡನ್ನು ಅವಳು ಗಂಟಲು ಬಿಚ್ಚಿ ಹೇಳತೊಡಗಿದಳು. ಬೇಕರಿಯ ಮುಂದೆ ನಿಂತವರು ತಿರುಗಿ ನೋಡಿ ಬೆರಳು ತೋರಿಸಿದರು. ಹೊಸ ಲಾರಿ, ನೋಡಲಿ. ಎದುರಿಗೆ ಬಂದ ಬಸ್ಸಿನ ಡ್ರೈವರು ದೀಪ ಮಿಣುಕಿಸಿದ. ರಸ್ತೆಯ ಮೇಲೆ ದುಡಿಯುವವರ ನಡುವಿನ ನಮಸ್ಕಾರ ಅದು, ಅವಳೂ ದೀಪ ಮಿಣುಕಿಸಿದಳು. ಬಸ್ಸಿನ ಕಿಟಕಿಯಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಬಾಯಿ ಅಗಲಿಸಿ ಏನೋ ಹೇಳುತ್ತ ಕೈ ಆಡಿಸಿದಳು. ಅವಳಿಗೊಂದು ಮುತ್ತು ತೇಲಿಬಿಟ್ಟಳು.

ದೊಡ್ಡ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಇದ್ದ. ಇಡೀ ಯೋಜನೆಯಲ್ಲಿ ಅವಳು ಹೆದರಿದ್ದ ಜಾಗ ಅದೊಂದೇ. ಅವನು ಅವಳ ಲಾರಿಯನ್ನು ನೋಡಿದ, ಹಿಂದೆ ನೋಡಿದ, ಹುಬ್ಬು ಗಂಟಿಕ್ಕಿದ, ನಾಲ್ಕೂ ಕಡೆಯ ವಾಹನಗಳಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದ. ಖಾಲಿಯಾದ ಸರ್ಕಲ್ಲಿನ ನಡುವೆ ಅವಳೊಬ್ಬಳೇ, ಹಿಂದೆ ಬೆಳ್ಳಿ ಮುಸುಕಿನ ಮುದುಕಿ. ಅವನು ಅವಳ ಕಡೆಗೆ ಕೈ ಬೀಸಿದ. ಅವಳು ಸಲಾಮು ಹೊಡೆದಳು, ಗೇರು ಹಾಕಿದಳು, ಸಾಗಿದಳು. ಪೊಲೀಸೇ ಊರೆಲ್ಲವನ್ನೂ ನಿಲ್ಲಿಸಿ ಕಳ್ಳಿಗೆ ದಾರಿ ಬಿಟ್ಟ ಕತೆಯನ್ನು ಯಾರಿಗೂ ಹೇಳುವಂತಿಲ್ಲವಲ್ಲ ಎಂಬುದೊಂದೇ ಸಂಕಟ. ಕನ್ನಡಿಯಲ್ಲಿ ನೋಡಿದರೆ ಅವನು ಇನ್ನೂ ಕೈ ಬೀಸುತ್ತಲೇ ಇದ್ದ. ಹಿಂದೆ ಸಣ್ಣಗೆ ಧೂಳೋ ಹೊಗೆಯೋ ಎದ್ದಂತಿತ್ತು. ಈ ಊರಲ್ಲಿ ಬೀದಿ ಗುಡಿಸುವುದೇ ಇಲ್ಲ.

ಸೇತುವೆ ದಾಟಿತು. ಟಾರ್ ಮುಗಿಯಿತು. ಜೇಡಿಮಣ್ಣಿನ ಇಳಿಜಾರಿನ ತಲೆಯ ಮೇಲೆ ಲಾರಿ ನಿಲ್ಲಿಸಿ, ಒಂದು ಉಸಿರು ತೆಗೆದುಕೊಂಡು, ನಿಧಾನಕ್ಕೆ ಇಳಿಸಿದಳು. ನಾಲ್ಕೂ ಗಾಲಿಗಳು ಕೆಸರಿಗೆ ಉಗುರು ಊರಿಕೊಂಡು, ಬೆಕ್ಕು ಏಣಿ ಇಳಿದಂತೆ ಇಳಿದವು. ಮುದುಕಿಯೂ ದಬ್ಬದೆ, ನುಗ್ಗದೆ, ಆಶ್ಚರ್ಯವಾಗುವಷ್ಟು ಮರ್ಯಾದೆಯಿಂದ ಹಿಂಬಾಲಿಸಿತು. ಬುಡದ ಹೊಂಡದಲ್ಲಿ ಎರಡರ ಲಾರಿಯಾಗಿದ್ದರೆ ಅಲ್ಲೇ ಸಮಾಧಿ. ಇದು ಒಮ್ಮೆ ಗುರ್ ಎಂದಿತು, ದಾಟಿತು, ಶೆಡ್ಡಿನೊಳಗೆ ಬಂದು ನಿಂತಿತು.

ಎಂಜಿನ್ ಆರಿಸಿದಳು. ತಗಡಿನ ತೂತುಗಳಿಂದ ಬಿಸಿಲು ನಾಣ್ಯಗಳಂತೆ ಬಿದ್ದಿತ್ತು. ಟೋಪಿ, ಕನ್ನಡಕ, ಮುಖದ ಬಟ್ಟೆ ಎಲ್ಲ ಕಿತ್ತು ಸೀಟಿನ ಮೇಲೆ ಎಸೆದು ಇಳಿದಳು. ಮುಂಭಾಗದ ಹೊದಿಕೆ ಬಿಚ್ಚಿ, ದುಂಡು ದೀಪಗಳ ನಡುವೆ ಹಣೆ ಇಟ್ಟು ನಿಂತಳು. ನಿನ್ನನ್ನು ಯಾರೂ ಕತ್ತರಿಸುವುದಿಲ್ಲ ಎಂದಳು. ಆಮೇಲೆ ಲಾರಿಯ ಮೆಟ್ಟಿಲ ಮೇಲೆ ಕೂತು, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು, ನಾಳೆ ಭಾವನ ಮುಂದೆ ಯಾವ ಮುಖ ಮಾಡುವುದು ಎಂದು ಒಂದೊಂದೇ ಮುಖ ಮಾಡಿ ನೋಡತೊಡಗಿದಳು. ಕಣ್ಣರಳಿಸಿದ ಮುಖ ಜಾಸ್ತಿಯಾಯಿತು. ಬಾಯಿ ಮೇಲೆ ಕೈ ಇಟ್ಟುಕೊಳ್ಳುವುದೇ ಸರಿ.

ಟೀ ಇನ್ನೂ ಅರ್ಧ ಇತ್ತು. ಮೇಲೆ ಮೋಟರ್ ಬೈಕಿನ ಸದ್ದಾಯಿತು.

ಇಳಿಜಾರಿನ ತಲೆಯ ಮೇಲೆ ಮೊದಲು ಕಾಣಿಸಿದ್ದು ಟ್ರಾಫಿಕ್ ಪೊಲೀಸ್. ಅವನ ಹಿಂದೆ ಸ್ಕೂಟರಿನಲ್ಲಿ ಮೇಷ್ಟ್ರು. ಇಬ್ಬರೂ ಗಾಡಿ ಮೇಲೇ ಬಿಟ್ಟು, ಕೆಸರಿನಲ್ಲಿ ಕೈ ಕೈ ಹಿಡಿದುಕೊಂಡು ಇಳಿದು ಬಂದರು.

"ಏನಮ್ಮಾ ನೀನು," ಎಂದ ಪೊಲೀಸ್, ಏದುಸಿರು ಬಿಡುತ್ತ. "ಇಡೀ ಊರು ನಿಲ್ಲಿಸು ನಿಲ್ಲಿಸು ಅಂತ ಕೈ ಬೀಸ್ತಾ ಇದ್ದರೆ ಮಹಾರಾಣಿ ಹಾಗೆ ವಾಪಸು ಕೈ ಬೀಸಿಕೊಂಡು ಹೋಗ್ತೀಯಲ್ಲ. ನಿನಗೋಸ್ಕರ ಸರ್ಕಲ್ಲೇ ಖಾಲಿ ಮಾಡಿಸಿದೆ."

"ನಾನು ಗಂಟಲು ಹರಿಯೋ ಹಾಗೆ ಕೂಗಿದೆ," ಎಂದರು ಮೇಷ್ಟ್ರು. ಆಮೇಲೆ ಅವಳ ಮುಖ ನೋಡಿದರು. "ಅರೆ. ನೀನಾ. ನೀನೇ ಅಂತ ಗೊತ್ತಿದ್ದರೆ ನಿಮ್ಮ ಭಾವನಿಗೆ ಯಾಕೆ ಫೋನ್ ಮಾಡ್ತಿದ್ದೆ. ಸರ್ವೀಸಿನೋರು ನಿಮ್ಮ ಗಾಡಿ ಹಾಳು ಮಾಡ್ತಿದ್ದಾರೆ, ಸ್ವಲ್ಪ ಹೇಳಿ ಅಂದೆ. ಅವರು, ಯಾವ ಸರ್ವೀಸು ಮೇಷ್ಟ್ರೇ ಅಂದರು."

ಕೊಕ್ಕೆ ನಗಲು ನೋಡಿದಳು. ಆಗಲೂ ಅವಳ ತಲೆ ಓಡುತ್ತಲೇ ಇತ್ತು. ಭಾವನಿಗೆ ಕಾರು ಹೋದದ್ದು ಗೊತ್ತಾಗಿರಬಹುದು, ಎಲ್ಲಿಗೆ ಎಂದು ಹೇಗೆ ಗೊತ್ತಾಗುತ್ತದೆ. ಇವರಿಬ್ಬರನ್ನು ಮಾತಾಡಿ ಮರುಳು ಮಾಡಿದರೆ ಇನ್ನೂ ಸಮಯವಿದೆ. ಇಷ್ಟು ಯೋಚಿಸುವಷ್ಟರಲ್ಲಿ ಮೇಲೆ ಭಾವನ ಕಾರು ಬಂದು ನಿಂತಿತು. ಭಾವ ಇಳಿದ. ಕೆಸರಿಗೆ ಕಾಲಿಡಲು ಮನಸ್ಸಿಲ್ಲದೆ ಅಲ್ಲೇ ನಿಂತು ನೋಡಿದ. ಅಕ್ಕ ಅವನ ಪಕ್ಕ ಬಂದು ನಿಂತಳು.

"ನಿನ್ನ ತಲೆನೋವು ಹೇಗಿದೆಯೇ?" ಎಂದು ಕೇಳಿದಳು ಅಕ್ಕ.

"ದಾರಿ ಕೇಳೋ ತೊಂದರೇನೂ ಕೊಡಲಿಲ್ಲ ಪುಣ್ಯಾತ್ಗಿತ್ತಿ," ಎಂದ ಭಾವ, ತನ್ನ ಹಿಂದಿನ ರಸ್ತೆಯ ಕಡೆಗೆ ಬೆರಳು ಮಾಡಿ. "ನಮ್ಮ ಗೇಟಿನಿಂದಲೇ ಶುರು. ಪೇಟೆ ಬೀದಿ, ಸರ್ಕಲ್ಲು, ಸೇತುವೆ, ಎಲ್ಲೂ ಒಂದು ಅಂಗುಲ ಬಿಟ್ಟಿಲ್ಲ. ಹಿಂದಿನ ಅರ್ಧವನ್ನು ನೀನೇ ಉಜ್ಜಿ ಮುಗಿಸಿದ್ದೀಯ. ಕತ್ತರಿಸೋನಿಗೆ ನಾಳೆ ಅರ್ಧ ಕೆಲಸ ಕಮ್ಮಿ."

ಆಗ ಅವಳು ಮೊದಲ ಬಾರಿಗೆ ಮುದುಕಿಯ ಬೆನ್ನ ಹಿಂದೆ ಬಂದು ನೋಡಿದಳು. ಇಳಿಜಾರಿನ ಉದ್ದಕ್ಕೂ ಕೆಸರಿನಲ್ಲಿ ಎರಡು ನೇಗಿಲ ಸಾಲುಗಳು. ಅದರ ತಲೆಯ ಮೇಲೆ, ಟಾರಿನ ತುದಿಯಲ್ಲಿ, ಇದ್ದಿಲಿನಲ್ಲಿ ಗೀಚಿದಷ್ಟು ಸ್ಪಷ್ಟವಾಗಿ ಎರಡು ಕಪ್ಪು ಗೆರೆಗಳು. ಅವು ಒಂದರ ಪಕ್ಕ ಒಂದು, ಜೊತೆ ಬಿಡದೆ, ಸೇತುವೆಯ ಮೇಲೆ ಹತ್ತಿ ಊರಿನೊಳಗೆ ಹೋಗಿದ್ದವು. ಹೊದಿಕೆಯ ಅಂಚು ಎತ್ತಿದಳು. ಹಿಂದಿನ ಟಯರುಗಳು ನೆಲಕ್ಕೆ ತಗುಲಿದಲ್ಲಿ ಚಪ್ಪಟೆಯಾಗಿ ಸವೆದು, ನೂಲು ಹೊರಗೆ ಬಂದು, ಇನ್ನೂ ಬಿಸಿಯಾಗಿ ಹೊಗೆಯಾಡುತ್ತಿದ್ದವು. ಹೊಸ ಲಾರಿಯದೆಂದು ದಾರಿಯುದ್ದಕ್ಕೂ ಅವಳು ಎದೆ ತುಂಬ ಎಳೆದುಕೊಂಡ ವಾಸನೆ ಅಲ್ಲಿಂದಲೇ ಬರುತ್ತಿತ್ತು. ಆ ಗಾಲಿಗಳು ಭಾವನ ಅಂಗಳದಿಂದ ಇಲ್ಲಿಯ ತನಕ ಒಂದು ಸುತ್ತೂ ತಿರುಗಿರಲಿಲ್ಲ. ಬಾಯಿಬಡಕ ಲಾರಿಯಾಗಿದ್ದರೆ ಬೀದಿ ಮುಗಿಯುವ ಮೊದಲೇ ನಿಂತು, ನಿಟ್ಟುಸಿರಿಟ್ಟು, ಚಾಡಿ ಹೇಳುತ್ತಿತ್ತು. ಇದು ಹಿಂದೆ ಏನೂ ಇಲ್ಲದ ಹಾಗೆ ಎಳೆದಿತ್ತು.

ಬಾಗಿಲು ತೆಗೆದು ನೋಡಬೇಕಾದ ಅಗತ್ಯವೇನೂ ಇರಲಿಲ್ಲ, ಆದರೂ ತೆಗೆದಳು. ಡ್ಯಾಶ್‌ಬೋರ್ಡಿನ ಕೆಳಗೆ ಕೊಡೆಯ ಹಿಡಿ ಪೂರ್ತಿ ಹೊರಗಿತ್ತು, ಎಳೆದದ್ದು ಎಳೆದ ಹಾಗೆ. ಭಾವನಿಗೆ ಗೊತ್ತಿಲ್ಲದ ಹಿಡಿ ಅದು, ಅಕ್ಕನಿಗೂ ಬೇಡದ ಹಿಡಿ. ಹೋದ ಭಾನುವಾರ ಈ ಸೀಟಿನಲ್ಲಿ ಕೂತು, ಅತ್ತು, ಕಳ್ಳತನಕ್ಕೆ ರೆಕ್ಕೆ ಪುಕ್ಕ ಕಟ್ಟುತ್ತ ಗಾಜು ಏರಿಸಿ ಕನ್ನಡಿ ಒರೆಸಿದವಳು, ಇಳಿಯುವ ಮುನ್ನ ಅಪ್ಪ ಕಲಿಸಿದಂತೆ ಅದನ್ನೂ ಮರೆಯದೆ ಎಳೆದಿದ್ದಳು.